ಅಕ್ಕನ ಹತ್ತು ನಿಮಿಷ

ನೀವು ಎಂದಾದರೂ ಬೆಳ್ಳಂಬೆಳಿಗ್ಗೆ ಕಡೂರು ಬಸ್ ನಿಲ್ದಾಣದ ಕಡೆ ಬಂದರೆ, ಮಡಿಲಲ್ಲಿ ಊಟದ ಬ್ಯಾಗು ಇಟ್ಟುಕೊಂಡು, ಬಸ್ಸೇ ಇಲ್ಲದ ಜಾಗವನ್ನು ದಿಟ್ಟಿಸುತ್ತಾ ಕೂತಿರುವ ಹೆಂಗಸೊಬ್ಬಳು ಕಾಣಿಸಬಹುದು. ಪಾಪ, ಬಸ್ಸು ತಪ್ಪಿಹೋಗಿರಬೇಕು ಎಂದುಕೊಳ್ಳಬೇಡಿ. ಅವಳು ಹತ್ತಬೇಕಾದ ಬಸ್ಸು ಇನ್ನೂ ಡಿಪೋದಲ್ಲಿ ಮೈ ತೊಳೆಸಿಕೊಳ್ಳುತ್ತಿರುತ್ತದೆ. ಆ ಹೆಂಗಸು ನಾನೇ.

ತರೀಕೆರೆಯ ಒಂದು ಖಾಸಗಿ ಲ್ಯಾಬಿನಲ್ಲಿ ನನಗೆ ಕೆಲಸ. ಬಂದವರ ರಕ್ತ ತೆಗೆಯುವುದು, ಪರೀಕ್ಷೆ ಮಾಡುವುದು, ವರದಿ ಕೊಡುವುದು. ಎಂಟೂವರೆಗೆ ಬಾಗಿಲು ತೆಗೆದರೆ ಸಾಕು. ಅದಕ್ಕೆ ಏಳು ಗಂಟೆಯ ಬಸ್ಸು ಧಾರಾಳವಾಗಿ ಆಗುತ್ತದೆ. ನಾನು ಆರರದ್ದನ್ನು ಹಿಡಿಯುತ್ತೇನೆ. ಆರರದ್ದನ್ನು ಹಿಡಿಯಲು ಐದೂವರೆಗೆ ಮನೆ ಬಿಡುತ್ತೇನೆ. ಮನೆಯಿಂದ ನಿಲ್ದಾಣಕ್ಕೆ ನಡೆದರೆ ಎಂಟು ನಿಮಿಷ. ಉಳಿದದ್ದೆಲ್ಲ ಅಪಾಯಕ್ಕೆಂದು ಎತ್ತಿಟ್ಟದ್ದು. ಚಪ್ಪಲಿ ಕಿತ್ತುಹೋದರೆ? ಬೀರೂರಿನಲ್ಲಿ ರೈಲ್ವೆ ಗೇಟು ಹಾಕಿದ್ದರೆ? ಟೈರು ಪಂಕ್ಚರಾದರೆ? ಬಸ್ಸಿನಲ್ಲಿ ಯಾರಿಗಾದರೂ ತಲೆ ಸುತ್ತಿ ಬಂದರೆ? ಅವರನ್ನು ಇಳಿಸಿ ನೀರು ಕುಡಿಸುವಷ್ಟು ಹೊತ್ತನ್ನೂ ನಾನು ಲೆಕ್ಕಕ್ಕೆ ಹಿಡಿದಿರುತ್ತೇನೆ. ಇಷ್ಟು ವರ್ಷಗಳಲ್ಲಿ ಯಾರಿಗೂ ತಲೆ ಸುತ್ತಲಿಲ್ಲ.

ಮದುವೆ ಮುಂಜಿಗಳಲ್ಲಂತೂ ನಮ್ಮ ಮನೆಯವರು ನನ್ನ ಜೊತೆ ಬರಲು ಹೆದರುತ್ತಾರೆ. ಒಮ್ಮೆ ಬೀರೂರಿನ ಒಂದು ಮದುವೆಗೆ ನಾವು ಹೋದಾಗ ಅಡುಗೆಯವರು ಒಲೆ ಹಚ್ಚಿರಲಿಲ್ಲ. ಹೆಣ್ಣಿನ ತಂದೆ ಬನಿಯನ್ನಿನಲ್ಲಿ ನಿಂತು ಹಲ್ಲುಜ್ಜುತ್ತಿದ್ದರು. ನಮ್ಮನ್ನು ನೋಡಿ ಅವರಿಗೂ ಸಂಕೋಚ, ನಮಗೂ ಸಂಕೋಚ. ಸುಮ್ಮನೆ ಕೂರಿಸುವುದು ಹೇಗೆಂದು ವೀಳ್ಯದೆಲೆಯ ಕಟ್ಟುಗಳನ್ನು ತಂದು ಮುಂದಿಟ್ಟರು. ಮುಹೂರ್ತದವರೆಗೂ ನಾವಿಬ್ಬರೂ ಎಲೆ ಒರೆಸಿದೆವು. ವಾಪಸು ಬರುವಾಗ ನಮ್ಮ ಮನೆಯವರು ಕೈಗಳನ್ನು ಆಗಾಗ ಮೂಸಿ ನೋಡಿಕೊಳ್ಳುತ್ತಿದ್ದರು.

ಹೊರಗಿನವರಿಗೆ ಇದು ರೋಗವೆಂದು ಗೊತ್ತಾಗುವುದಿಲ್ಲ. ಸುಮಕ್ಕನಿಂದ ಕಲಿಯಬೇಕು, ಟೈಮು ಅಂದರೆ ಟೈಮು ಎನ್ನುತ್ತಾರೆ. ನಮ್ಮ ಬೀದಿಯ ಮಹಿಳಾ ಸಂಘದವರು ಒಂದು ಸಲ ಸಮಯ ಪಾಲನೆಯ ಬಗ್ಗೆ ನಾಲ್ಕು ಮಾತು ಹೇಳಿ ಎಂದು ಕರೆದರು. ಮೂರು ಗಂಟೆಯ ಸಭೆಗೆ ಎರಡಕ್ಕೇ ಹೋದೆ. ಬೀಗ ತೆಗೆಸಿ, ಕಸ ಗುಡಿಸಿ, ಜಮಖಾನ ಹಾಸಿ, ಕುರ್ಚಿ ಜೋಡಿಸಿದೆ. ಎಲ್ಲರೂ ಬಂದು ಸೇರುವ ಹೊತ್ತಿಗೆ ನಾಲ್ಕಾಗಿತ್ತು, ನನಗೆ ಸುಸ್ತಾಗಿತ್ತು. ಐದು ಗಂಟೆಗೆ ಹಾಲಿನವನು ಬರುತ್ತಾನೆಂಬ ಚಿಂತೆ ಬೇರೆ. ನಾಲ್ಕು ಮಾತು ಎಂದಿದ್ದರಲ್ಲ, ಸರಿಯಾಗಿ ನಾಲ್ಕೇ ಮಾತು ಹೇಳಿ ಎದ್ದು ಬಂದೆ.

ಈ ರೋಗಕ್ಕೆ ಒಂದು ಮೂಲವಿದೆ. ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ.

ಆಗ ನನಗೆ ಆರು ವರ್ಷ. ಬುಕ್ಕಾಂಬುಧಿಯ ಕೆರೆ ಏರಿ ದಾಟಿ ಒಳಗೆ ಹೋದರೆ ನಮ್ಮೂರು. ಬೆಳಿಗ್ಗೆ ಒಂದು ಬಸ್ಸು, ಸಂಜೆ ಒಂದು ಬಸ್ಸು. ನನಗಿಂತ ಹತ್ತು ವರ್ಷಕ್ಕೆ ದೊಡ್ಡವಳಾದ ಅಕ್ಕ ಶಾಂತ ಆ ವರ್ಷ ಎಸ್ಸೆಸ್ಸೆಲ್ಸಿ. ಪರೀಕ್ಷೆ ಅಜ್ಜಂಪುರದಲ್ಲಿ. ದಿನಾ ಬೆಳಿಗ್ಗೆಯ ಬಸ್ಸಿನಲ್ಲಿ ಅಪ್ಪ ಅವಳನ್ನು ಕರೆದುಕೊಂಡು ಹೋಗುತ್ತಿದ್ದರು. ಕೊನೆಯದು ಗಣಿತ. ಅದು ಮುಗಿದ ಮೇಲೆ ಅಪ್ಪ ಅಕ್ಕನಿಗೆ ಹೋಟೆಲಿನಲ್ಲಿ ಮಸಾಲೆ ದೋಸೆ ಕೊಡಿಸುತ್ತಾರೆ ಎಂಬ ಸುದ್ದಿ ಹಿಂದಿನ ದಿನ ನನ್ನ ಕಿವಿಗೆ ಬಿತ್ತು. ಬೆಳಿಗ್ಗೆ ಎದ್ದವಳೇ ನಾನೂ ಬರುತ್ತೇನೆಂದು ಹಟ ಹಿಡಿದೆ. ಅವ್ವ ಗದರಿದಳು. ನಾನು ಹೊಸ್ತಿಲ ಮೇಲೆ ಮಲಗಿ ಕಾಲು ಬಡಿದೆ. ಅಪ್ಪನಿಗೆ ಕನಿಕರ ಬಂತು, ಅದೂ ಬರಲಿ ಬಿಡು ಎಂದರು. ಫ್ರಾಕು ಹಾಕಿಸಿದರು, ತಲೆ ಬಾಚಿದರು, ಆಮೇಲೆ ನೋಡಿದರೆ ನನ್ನ ಒಂದು ಚಪ್ಪಲಿ ಇಲ್ಲ. ಬರಿಗಾಲಲ್ಲಿ ಬರುವುದಿಲ್ಲವೆಂದು ಮತ್ತೆ ಅಳು. ಚಪ್ಪಲಿ ರಾಗಿ ಚೀಲದ ಸಂದಿಯಲ್ಲಿ ಸಿಕ್ಕಿತು. ನಾವು ಬಸ್ಸು ನಿಲ್ಲುವ ಕಡೆ ಓಡುವ ಹೊತ್ತಿಗೆ ಅದು ಏರಿಯ ಆ ತುದಿಯಲ್ಲಿತ್ತು.

ಬಹಳ ಹೊತ್ತಿನ ಮೇಲೆ ತೆಂಗಿನಕಾಯಿ ಹೇರಿದ ಒಂದು ಟ್ರ್ಯಾಕ್ಟರು ಸಿಕ್ಕಿತು. ಕಾಯಿಗಳ ಮೇಲೆ ನಮ್ಮಿಬ್ಬರನ್ನು ಕೂರಿಸಿದರು. ಅಕ್ಕ ಒಂದು ಕೈಯಲ್ಲಿ ಕಂಪಾಸ್ ಪೆಟ್ಟಿಗೆ, ಇನ್ನೊಂದರಲ್ಲಿ ನನ್ನ ರಟ್ಟೆ ಹಿಡಿದಿದ್ದಳು. ಶಾಲೆಯ ಗೇಟು ಮುಟ್ಟಿದಾಗ ಪರೀಕ್ಷೆ ಶುರುವಾಗಿ ನಲವತ್ತು ನಿಮಿಷ. ಅಲ್ಲಿದ್ದವರು ಕೆಟ್ಟವರೇನಲ್ಲ. ಅರ್ಧ ಗಂಟೆಯವರೆಗೆ ಬಿಡಬಹುದು, ಅದರ ಮೇಲೆ ನಮ್ಮ ಕೈಲಿಲ್ಲ ಎಂದು ಅಪ್ಪನಿಗೆ ಗಡಿಯಾರ ತೋರಿಸಿದರು. ಅಪ್ಪ ಕೈ ಮುಗಿದು ಬೇಡಿಕೊಂಡರು. ಅಕ್ಕ ಬೇಡಲೂ ಇಲ್ಲ, ಅಳಲೂ ಇಲ್ಲ. ಗೇಟಿನ ಹೊರಗಿನ ಕಟ್ಟೆಯ ಮೇಲೆ ನನ್ನನ್ನು ಪಕ್ಕದಲ್ಲಿ ಕೂರಿಸಿಕೊಂಡು ಸ್ವಲ್ಪ ಹೊತ್ತು ಕೂತಳು. ಆಮೇಲೆ, “ಸುಮಿಗೆ ದೋಸೆ ಕೊಡ್ಸಪ್ಪ, ಹಸ್ಕೊಂಡೈತೆ” ಎಂದಳು.

ನಾನು ತಿಂದೆ. ಪೂರ್ತಿ ತಿಂದೆ.

ಅಕ್ಟೋಬರಿನಲ್ಲಿ ಮತ್ತೆ ಕಟ್ಟಿದರಾಯಿತು ಎಂದರು ಅಪ್ಪ. ಅಕ್ಟೋಬರಿನ ಹೊತ್ತಿಗೆ ಅಜ್ಜಂಪುರದ ಗಂಡು ಗೊತ್ತಾಗಿತ್ತು. ನಾನು ಓದುತ್ತಾ ಹೋದೆ. ಸುಮಿ ಹಟ ಮಾಡಿ ಅಕ್ಕನ ಪರೀಕ್ಷೆ ತಪ್ಪಿಸಿದಳು ಎಂಬುದು ನಮ್ಮ ಬಂಧುಗಳಲ್ಲಿ ನಗುವ ಮಾತಾಯಿತು. ನಾಲ್ಕು ಜನ ಸೇರಿದಾಗ ಯಾರಾದರೊಬ್ಬರು ಎತ್ತುತ್ತಿದ್ದರು. ಎಲ್ಲರೂ ನಗುತ್ತಿದ್ದರು, ನಾನೂ ನಗುತ್ತಿದ್ದೆ. ನಕ್ಕು ಮನೆಗೆ ಬಂದ ದಿನ ಮಾರನೆಯ ಬೆಳಗಿನ ಅಲಾರಾಂ ಇನ್ನೊಂದು ಕಾಲು ಗಂಟೆ ಹಿಂದಕ್ಕೆ ಹೋಗುತ್ತಿತ್ತು.

ಈಗ ನನಗೆ ನಲವತ್ತೈದು. ಅಕ್ಕನಿಗೆ ಐವತ್ತೈದು. ಅವಳ ಮನೆ ಅಜ್ಜಂಪುರದಲ್ಲಿ ಸ್ಟೇಷನ್ನಿಗೆ ನಡೆದು ಹೋಗುವಷ್ಟು ಹತ್ತಿರ. ಒಂದಿಷ್ಟು ಹೊಲ, ತೆಂಗಿನ ತೋಟ, ಎರಡು ಹಸು. ಮಗಳನ್ನು ಹೊಸದುರ್ಗಕ್ಕೆ ಕೊಟ್ಟಿದ್ದಾರೆ. ತಿಂಗಳಿಗೆ ಎರಡು ಭಾನುವಾರ ನಾನು ಹೋಗಿಬರುತ್ತೇನೆ. ಅಕ್ಕನ ಮನೆಯಲ್ಲಿ ಯಾವುದೂ ಹೊತ್ತಿಗೆ ಸರಿಯಾಗಿ ಆಗುವುದಿಲ್ಲ, ಆದರೆ ಎಲ್ಲವೂ ಆಗುತ್ತದೆ. ಒಗ್ಗರಣೆಗೆ ಎಣ್ಣೆ ಇಟ್ಟು ಕರಿಬೇವು ಕೀಳಲು ಹಿತ್ತಿಲಿಗೆ ಹೋಗುತ್ತಾಳೆ. ಅಲ್ಲಿ ಬೇಲಿಯಾಚೆಯ ಹೆಂಗಸಿನ ಜೊತೆ ಎರಡು ಮಾತು. ನನಗೆ ಎಣ್ಣೆಯದೇ ಚಿಂತೆ. ಹೋಗಿ ಒಲೆ ಸಣ್ಣ ಮಾಡೋಣ ಎನ್ನುವಷ್ಟರಲ್ಲಿ ಬಂದುಬಿಡುತ್ತಾಳೆ, ಎಣ್ಣೆ ಅವಳಿಗಾಗಿಯೇ ಕಾದಂತೆ ಆಗಷ್ಟೇ ಹದಕ್ಕೆ ಬಂದಿರುತ್ತದೆ.

ಸಂಜೆಯ ರೈಲಿಗೆ ನಾನು ಮುಕ್ಕಾಲು ಗಂಟೆ ಮೊದಲೇ ಏಳುತ್ತೇನೆ. ಏಳುವಾಗೆಲ್ಲ ಅಕ್ಕ ಹೇಳುವ ಮಾತು ಒಂದೇ. “ಇನ್ನೊಂದ್ ಹತ್ತು ನಿಮ್ಷ ಕೂತ್ಕೊಳೇ.” ನಾನು ಕೂರುತ್ತಿರಲಿಲ್ಲ. ಸ್ಟೇಷನ್ನಿಗೆ ಹೋಗಿ ಸಿಮೆಂಟು ಬೆಂಚಿನ ಮೇಲೆ ಅರ್ಧ ಗಂಟೆಗೂ ಹೆಚ್ಚು ಕೂತು, ಹಳಿಯ ಕಡೆ ಕತ್ತು ಚಾಚುತ್ತಿದ್ದೆ. ಅಕ್ಕನ ಮನೆಯ ನಡುಮನೆ ಬಿಟ್ಟು ಆ ಬೆಂಚಿನ ಮೇಲೆ ಕೂರುವುದರಲ್ಲಿ ಏನು ಉಳಿತಾಯವಾಯಿತು ಎಂದು ನನ್ನನ್ನು ಯಾರೂ ಕೇಳಲಿಲ್ಲ, ನಾನೂ ಕೇಳಿಕೊಳ್ಳಲಿಲ್ಲ.

ಎರಡು ವರ್ಷದ ಹಿಂದೆ, ಕಾರ್ತಿಕದ ಒಂದು ಭಾನುವಾರ, ಹೀಗೇ ಅವಸರದಲ್ಲಿ ಹೊರಟವಳು ಛತ್ರಿ ಮರೆತೆ. ಸ್ಟೇಷನ್ ಮುಟ್ಟಿದ ಮೇಲೆ ನೆನಪಾಯಿತು. ಮೋಡ ಕವಿದಿತ್ತು. ಗಡಿಯಾರ ನೋಡಿದರೆ ಮೂವತ್ತೈದು ನಿಮಿಷ ಕೈಲಿದೆ. ಹೋಗಿ ಬರಬಹುದೇ, ಬೇಡವೇ ಎಂದು ಅದರಲ್ಲಿ ಐದು ನಿಮಿಷ ಕಳೆದೆ. ಕೊನೆಗೆ ಅರ್ಧ ಓಡುತ್ತಾ ಹೋದೆ.

ಬಾಗಿಲು ತೆರೆದೇ ಇತ್ತು. ಒಲೆಯ ಮೇಲೆ ಹಾಲಿನ ಪಾತ್ರೆ. ಪಕ್ಕದ ಕಟ್ಟೆಯ ಮೇಲೆ ಹಳೆಯ ಡೈರಿಯೊಂದನ್ನು ಬಿಡಿಸಿಕೊಂಡು, ಮೂಗಿನ ತುದಿಗೆ ಕನ್ನಡಕ ಇಳಿಸಿಕೊಂಡು, ಅಕ್ಕ ಏನೋ ಬರೆಯುತ್ತಿದ್ದಳು. ಹಿತ್ತಿಲಲ್ಲಿ ಭಾವ ತೆಂಗಿನಕಾಯಿ ಸುಲಿಯುತ್ತಾ, “ಹದಿಮೂರೇಳ್ಲಿ ಎಷ್ಟು?” ಎಂದು ಕೂಗಿದರು. ಅಕ್ಕ ತಲೆ ಎತ್ತದೆ, “ತೊಂಬತ್ತೊಂದು” ಎಂದಳು. ಆಮೇಲೆ ನನ್ನನ್ನು ನೋಡಿದಳು. ಡೈರಿಯನ್ನು ಸೆರಗಿನಡಿ ಮುಚ್ಚಿಕೊಳ್ಳಲು ಹೋಗಿ ಬಿಟ್ಟಳು.

“ಎಸ್ಸೆಸ್ಸೆಲ್ಸಿಗೆ ಕಟ್ಟಿದೀನಿ ಕಣೇ” ಎಂದಳು.

ವಿಚಾರಿಸಿದರೆ ಶ್ರಾವಣದಿಂದಲೇ ಓದುತ್ತಿದ್ದಾಳೆ. ಖಾಸಗಿಯಾಗಿ ಕಟ್ಟಬಹುದೆಂದು ಭಾವ ವಿಚಾರಿಸಿಕೊಂಡು ಬಂದು ಅರ್ಜಿ ತುಂಬಿಸಿದ್ದಾರೆ. ಈ ವಯಸ್ಸಿನಲ್ಲಿ ಯಾಕೆ ಎಂದು ಕೇಳಿದೆ. ಅವಳ ಊರಿನ ಹಾಲಿನ ಸಂಘದ ಪ್ರತಿ ಫಾರಮ್ಮಿನಲ್ಲೂ ವಿದ್ಯಾಭ್ಯಾಸ ಎಂದೊಂದು ಗೆರೆ ಇರುತ್ತದಂತೆ, ಪ್ರತಿ ಸಲ ಅಲ್ಲಿ ಬಂದು ಅವಳ ಪೆನ್ನು ನಿಲ್ಲುತ್ತದಂತೆ. ಅಷ್ಟೇ ಅವಳು ಹೇಳಿದ್ದು. ನನಗೆ ಬೇಜಾರಾಯಿತು. ತಿಂಗಳಿಗೆ ಎರಡು ಸಲ ಬರುವ ನನಗೆ ಒಂದು ಮಾತು ಹೇಳಬಾರದಿತ್ತೇ ಎಂದೆ.

“ಹೇಳಾಣ ಅಂದ್ರೆ ನೀನು ಎದ್ದು ನಿಂತಿರ್ತೀಯಲ್ಲೇ” ಎಂದಳು ಅಕ್ಕ. ಆಕ್ಷೇಪಣೆಯ ದನಿಯಲ್ಲ. ಹಾಲು ಕೆಳಗಿಳಿಸುತ್ತಾ ಹೇಳಿದಳು.

ಅವತ್ತು ರೈಲು ಹಿಡಿದೆ. ಪರೀಕ್ಷೆ ಎಂಬ ಮಾತು ಅಕ್ಕನ ಬಾಯಲ್ಲಿ ಬಂದದ್ದೇ ನನ್ನ ಕಾಲಿಗೆ ಆ ಒಂಟಿ ಚಪ್ಪಲಿ ಸಿಕ್ಕಿಕೊಂಡಂತಾಗಿತ್ತು. ಈ ಸಲ ಏನೂ ತಪ್ಪಬಾರದು, ಎಲ್ಲ ನಾನೇ ನೋಡಿಕೊಳ್ಳಬೇಕು ಎಂದು ತೀರ್ಮಾನಿಸಿದೆ. ಮುಂದಿನ ಭಾನುವಾರದ ಹೊತ್ತಿಗೆ ದೊಡ್ಡ ಹಾಳೆಯ ಮೇಲೆ ನಾಲ್ಕು ಬಣ್ಣದ ಪೆನ್ನಿನಲ್ಲಿ ಒಂದು ವೇಳಾಪಟ್ಟಿ ತಯಾರಾಗಿತ್ತು. ನಾಲ್ಕೂವರೆಗೆ ಏಳುವುದು, ಐದರವರೆಗೆ ವಿಜ್ಞಾನ, ಐದರಿಂದ ಹಾಲು ಕರೆಯುವುದು, ಐದೂಮುಕ್ಕಾಲಿಗೆ ಸಮಾಜ. ಅಕ್ಕ ಅದನ್ನು ಭಕ್ತಿಯಿಂದ ಅಡುಗೆಮನೆಯ ಗೋಡೆಗೆ ಅಂಟಿಸಿದಳು. ನಾಲ್ಕನೇ ದಿನ ಭಾವ ಫೋನು ಮಾಡಿದರು. ಅಕ್ಕನಿಗೆ ಎರಡು ದಿನದಿಂದ ತಲೆನೋವು, ಓದಿದ್ದು ಒಂದೂ ತಲೆಗೆ ಹತ್ತುತ್ತಿಲ್ಲ, ಹಸು ಕೂಡ ಸರಿಯಾಗಿ ಹಾಲು ಕೊಡುತ್ತಿಲ್ಲ ಎಂದರು. ಹಸುವಿನದನ್ನು ಅವರು ಬೇಕೆಂದೇ ಸೇರಿಸಿದರೆಂದು ನನ್ನ ಅನುಮಾನ.

ಪಟ್ಟಿ ಗೋಡೆಯಿಂದ ಇಳಿಯಿತು. ಅಕ್ಕ ತನ್ನ ದಾರಿಗೆ ಮರಳಿದಳು. ಆ ದಾರಿ ಏನೆಂದು ಆಮೇಲೆ ನಾನು ಕೂತು ನೋಡಿದೆ. ಅವಳಿಗೆ ಓದಲೆಂದು ಒಂದು ಗಂಟೆ ಎಲ್ಲೂ ಸಿಗುತ್ತಿರಲಿಲ್ಲ. ಸಿಗುತ್ತಿದ್ದದ್ದು ಹತ್ತು ನಿಮಿಷದ ಚೂರುಗಳು. ಹಾಲು ಕಾಯುವಷ್ಟರಲ್ಲಿ ಒಂದು ಲೆಕ್ಕ. ಹಾಲು ಉಕ್ಕಿತೆಂದರೆ ಲೆಕ್ಕ ತಪ್ಪು ದಾರಿ ಹಿಡಿದಿದೆ ಎಂದು ಅರ್ಥವಂತೆ, ಬಿಟ್ಟು ಮೊದಲಿಂದ ಮಾಡುತ್ತಿದ್ದಳು. ಕುಕ್ಕರಿನ ಮೂರು ಸೀಟಿಗೆ ಸಮಾಜದ ಒಂದು ಪ್ರಶ್ನೆ. ನಲ್ಲಿಗೆ ಕೊಡ ಇಟ್ಟು ಒಂದು ಪದ್ಯ. ಸಂಜೆ ನೋಡುತ್ತಿದ್ದ ಎರಡು ಧಾರಾವಾಹಿಗಳಲ್ಲಿ ಒಂದನ್ನು ಬಿಟ್ಟಿದ್ದಳು. ಎರಡನ್ನೂ ಬಿಡಬಹುದಿತ್ತಲ್ಲ ಎಂದರೆ, ಎರಡೂ ಬಿಟ್ಟರೆ ಮೂರನೇ ದಿನಕ್ಕೆ ಓದೇ ಬೇಡ ಅನ್ನಿಸುತ್ತದೆ ಎಂದಳು. ಬೇಲಿಯ ಹತ್ತಿರದ ಮಾತನ್ನು ಮಾತ್ರ ಬಿಡಲಿಲ್ಲ. ಬೇಲಿಯಾಚೆಯ ಹೆಂಗಸಿನ ಮಗ ಒಂಬತ್ತನೇ ತರಗತಿಯಂತೆ, ಅವನ ವಿಜ್ಞಾನದ ಪುಸ್ತಕದ ಚಿತ್ರಗಳು ಚೆನ್ನಾಗಿವೆಯೆಂದು ಎರವಲು ತರುತ್ತಿದ್ದಳು.

ಇದನ್ನೆಲ್ಲ ನೋಡುತ್ತಾ ನನಗೆ ಸಮಾಧಾನವಾಗಬೇಕಿತ್ತು. ಆಗಲಿಲ್ಲ. ಹೀಗೆ ಚೂರು ಚೂರಾಗಿ ಓದಿದ್ದು ಪರೀಕ್ಷೆಯ ದಿನ ಒಟ್ಟಾಗಿ ನೆನಪಿಗೆ ಬರುತ್ತದೆಯೇ ಎಂದು ಕಡೂರಿನಲ್ಲಿ ನಾನು ಹೊರಳಾಡುತ್ತಿದ್ದೆ. ಲ್ಯಾಬಿನಲ್ಲಿ ರೋಗಿಗಳಿಗೆ, ಪರೀಕ್ಷೆಗೆ ಹೆದರಬೇಡಿ ಎಂದು ಹೇಳುವಾಗ ನನಗೇ ಬೆಚ್ಚುವಂತಾಗುತ್ತಿತ್ತು.

ಅವಳಿಗೆ ಪರೀಕ್ಷಾ ಕೇಂದ್ರ ಬಂದದ್ದು ತರೀಕೆರೆಯಲ್ಲಿ, ನಮ್ಮ ಲ್ಯಾಬಿನಿಂದ ಎರಡು ಬೀದಿಯಾಚೆ. ಉಳಿದ ವಿಷಯಗಳಿಗೆಲ್ಲ ಅಕ್ಕ ಒಬ್ಬಳೇ ಅಜ್ಜಂಪುರದಿಂದ ಬಸ್ಸಿನಲ್ಲಿ ಬಂದು ಬರೆದು ಹೋದಳು. ಗಣಿತದ ದಿನ ಮಾತ್ರ ನಾನು ಬಿಡಲಿಲ್ಲ. ರಜೆ ಹಾಕಿ, ಹಿಂದಿನ ದಿನವೇ ಹೋಗಿ ಅವಳ ಮನೆಯಲ್ಲಿ ಉಳಿದೆ. ಪರೀಕ್ಷೆ ಹತ್ತಕ್ಕೆ. ಆರು ಗಂಟೆಯ ಮೊದಲನೇ ಬಸ್ಸಿಗೇ ಹೊರಡಿಸಿದೆ. ಏಳೂಕಾಲಿಗೆ ಆ ಶಾಲೆಯ ಮುಂದೆ ನಾವಿಬ್ಬರೇ. ಗೇಟಿಗೆ ಬೀಗ. ಗೇಟು ಮುಚ್ಚಿದ್ದನ್ನು ನೋಡಿದ ಕೂಡಲೇ ನನ್ನ ಎದೆ ಬಡಿದುಕೊಳ್ಳತೊಡಗಿತು. ಇನ್ನೂ ತೆಗೆದಿಲ್ಲ, ತಡವಾಗಿಲ್ಲ ಎಂದು ಬುದ್ಧಿಗೆ ಗೊತ್ತು, ಎದೆಗೆ ಗೊತ್ತಿಲ್ಲ.

ಸುಮ್ಮನಿರಲಾಗದೆ ಅಕ್ಕನನ್ನು ಪ್ರಶ್ನೆ ಕೇಳಲು ಶುರುಮಾಡಿದೆ. ಶಂಕುವಿನ ಘನಫಲ ಹೇಳು. ಹೇಳಿದಳು. ಗೋಳದ್ದು? ಹೇಳಿದಳು. ಸಮಾಂತರ ಶ್ರೇಢಿಯ ಮೊತ್ತ? ಅರ್ಧ ಹೇಳಿ ನಿಲ್ಲಿಸಿದಳು. ನಾನು ಮತ್ತೆ ಕೇಳಿದೆ. ಅವಳು ಕಣ್ಣು ಮುಚ್ಚಿ ನೆನಪಿಸಿಕೊಂಡಳು, ಬರಲಿಲ್ಲ. ಹೋಗಲಿ, ಶಂಕುವಿನದು ಇನ್ನೊಮ್ಮೆ ಹೇಳು ಎಂದೆ. ಈಗ ಅದೂ ಬರಲಿಲ್ಲ. ಹಾಲ್ ಟಿಕೆಟ್ಟನ್ನು ಮಡಿಸಿದಳು, ಬಿಡಿಸಿದಳು, ಮತ್ತೆ ಮಡಿಸಿದಳು. ಅಷ್ಟೂ ಪರೀಕ್ಷೆಗಳಿಗೆ ಒಬ್ಬಳೇ ನಗುತ್ತಾ ಬಂದುಹೋಗಿದ್ದವಳು. ನನ್ನ ಗಡಿಬಿಡಿ ಒಂದೇ ತಾಸಿನಲ್ಲಿ ಅವಳಿಗೆ ಹತ್ತಿಬಿಟ್ಟಿತ್ತು.

“ಸುಮಿ” ಎಂದಳು ಅಕ್ಕ. “ಸೂಜಿ ಚುಚ್ಚೋಕೆ ಮುಂಚೆ ನೀನು ಜನಕ್ಕೆ ಏನಂತ ಹೇಳ್ತೀಯೇ?”

“ಕೈ ಸಡಿಲ ಬಿಡಿ ಅಂತೀನಿ.”

“ಹಂಗಾದ್ರೆ ನನ್ ಕೈ ಬಿಡು. ನಿನ್ ಲ್ಯಾಬಿಗೆ ಹೋಗಿ ಕೂತಿರು. ಮುಗುಸ್ಕೊಂಡು ನಾನೇ ಬತ್ತೀನಿ.”

ಅವಳ ರಟ್ಟೆಯನ್ನು ನಾನು ಹಿಡಿದುಕೊಂಡಿದ್ದೇನೆಂದು ಆಗಲೇ ನನಗೆ ಗೊತ್ತಾದದ್ದು.

ಹೋದೆ. ರಜೆ ಹಾಕಿದವಳು ಬಂದು ಮೂಲೆಯ ಕುರ್ಚಿಯಲ್ಲಿ ಕೂತದ್ದನ್ನು ಕಂಡು ಜೊತೆಯ ಹುಡುಗಿ ಮೈ ಹುಷಾರಿಲ್ಲವೇ ಎಂದು ಕೇಳಿದಳು. ಅಲ್ಲಿಂದ ಆ ಶಾಲೆಯ ಗೇಟು ಕಾಣುವುದಿಲ್ಲ. ಒಂಬತ್ತೂಮುಕ್ಕಾಲಿಗೆ ಎದ್ದು ಬೀದಿಯ ತುದಿಯವರೆಗೆ ಹೋದೆ, ಬೇಡವೆಂದು ವಾಪಸು ಬಂದೆ. ಮಧ್ಯಾಹ್ನ ಒಂದೂಕಾಲಿಗೆ ಗಂಟೆ ಬಾರಿಸಿದ್ದು ಕೇಳಿಸಿತು. ಮಕ್ಕಳೆಲ್ಲ ಹೊರಗೆ ಬಂದು ಬೀದಿ ತುಂಬಿತು, ಖಾಲಿಯಾಯಿತು, ಅಕ್ಕ ಬರಲಿಲ್ಲ. ಒಂದೂವರೆ ದಾಟಿದ ಮೇಲೆ ನಿಧಾನವಾಗಿ ನಡೆದುಬಂದಳು. ಕೊನೆಯ ಗೆರೆ ಎಳೆಯುತ್ತಿದ್ದಾಗ ಮೇಷ್ಟ್ರು ಪೇಪರು ಎಳೆದುಕೊಂಡರಂತೆ. ಆಮೇಲೆ ಪಕ್ಕದ ಬೆಂಚಿನ ಹುಡುಗಿ ಅಳುತ್ತಿದ್ದಳಂತೆ, ಅವಳಿಗೆ ಸಮಾಧಾನ ಹೇಳುತ್ತಾ ನಿಂತಳಂತೆ. ಪರೀಕ್ಷೆ ಹೇಗಾಯಿತೆಂದರೆ, ಹಾಲು ಉಕ್ಕಲಿಲ್ಲ ಅಂತ ಕಾಣ್ತದೆ ಎಂದಳು.

ಫಲಿತಾಂಶ ಬಂದ ದಿನ ಭಾವ ಫೋನಿನಲ್ಲಿ ಒಂದೊಂದಾಗಿ ಓದಿದರು. ಕನ್ನಡದಲ್ಲಿ ಎಪ್ಪತ್ತರ ಮೇಲೆ. ಗಣಿತ ನಲವತ್ತೊಂದು. ನಾನು ಲ್ಯಾಬಿನಲ್ಲೇ ಕಣ್ಣು ಒರೆಸಿಕೊಂಡೆ. ಆಮೇಲೆ ಭಾವ ಗಂಟಲು ಸರಿಮಾಡಿಕೊಂಡು, ಇಂಗ್ಲಿಷಿನಲ್ಲಿ ಮಾತ್ರ ಇಪ್ಪತ್ತೇಳು ಬಂದಿದೆ ಕಣಮ್ಮ ಎಂದರು.

ಭಾನುವಾರ ಹೋದಾಗ ಅಕ್ಕ ಮಂಕಾಗಿರಬಹುದೆಂದು ಹೆದರಿದ್ದೆ. ಅವಳು ನೆನೆಸಿದ ಅವರೆಕಾಳು ಹಿಚುಕುತ್ತಾ ಕೂತಿದ್ದಳು. ಇನ್ನೊಂದು ಪರೀಕ್ಷೆ ಇದೆಯಂತೆ, ಅದಕ್ಕೆ ಕಟ್ಟಿಯಾಯಿತು ಎಂದಳು. ಸಂಜೆ ನಾನು ಎದ್ದೆ. ಅವಳು ಎಂದಿನಂತೆ, ಇನ್ನು ಹತ್ತು ನಿಮಿಷ ಕೂತ್ಕೊ ಎಂದಳು. ಅವತ್ತು ಯಾಕೋ ಕೂತೆ. ಅಕ್ಕ ಕಾಳಿನ ಮೊರವನ್ನು ಪಕ್ಕಕ್ಕೆ ಸರಿಸಿದಳು.

“ಆವತ್ತೂ ನಾನು ಇಂಗ್ಲಿಷಲ್ಲಿ ಹೋಗಿದ್ದೆ ಕಣೇ” ಎಂದಳು.

ನನಗೆ ಅರ್ಥವಾಗಲಿಲ್ಲ. ಯಾವತ್ತು ಎಂದೆ.

“ಆವತ್ತೇ. ಟ್ರ್ಯಾಕ್ಟರಲ್ಲಿ ಹೋದ ವರ್ಷ. ಮಾರ್ಕ್ಸ್ ಕಾರ್ಡು ತರಕ್ಕೆ ನಾನೊಬ್ಳೇ ಹೋಗಿದ್ನಲ್ಲ. ಇಂಗ್ಲಿಷಲ್ಲಿ ಹತ್ತೊಂಬತ್ತು. ಗಣಿತ ಬರ್ದಿದ್ರೂ ನಾನು ಪಾಸಾಗ್ತಿರ್ಲಿಲ್ಲ. ಅಪ್ಪ ಕೇಳ್ಲಿಲ್ಲ, ಅವ್ವ ಕೇಳ್ಲಿಲ್ಲ. ಎಲ್ರೂ ನಿನ್ನ ಚಪ್ಪಲಿ ಮಾತೇ ಆಡ್ತಿದ್ರು. ನಾನೂ ಸುಮ್ನಾಗ್ಬಿಟ್ಟೆ. ಹದಿನಾರು ವರ್ಷ ಕಣೇ ನಂಗೆ, ಹೆದ್ರಿಕೆ ಆಯ್ತು. ಆಮೇಲೆ ಹೇಳಾಣ ಹೇಳಾಣ ಅಂದ್ಕೊಂಡೆ.”

ಆ ಹೊತ್ತಿಗೆ ನನಗೆ ಏನನ್ನಿಸಿತೆಂದು ಸರಿಯಾಗಿ ಹೇಳಲಾರೆ. ಮೊದಲು ಬಂದದ್ದು ಸಿಟ್ಟು. ಸುಮಾರು ನಲವತ್ತು ವರ್ಷ ನಾನು ಬಸ್ ನಿಲ್ದಾಣಗಳಲ್ಲಿ, ರೈಲ್ವೆ ಬೆಂಚುಗಳಲ್ಲಿ, ಶಾಮಿಯಾನ ಕಟ್ಟದ ಮದುವೆ ಮನೆಗಳಲ್ಲಿ ಕಳೆದದ್ದು ಯಾರ ಲೆಕ್ಕಕ್ಕೆ? ಬ್ಯಾಗು ಎತ್ತಿಕೊಂಡು ಸ್ಟೇಷನ್ನಿಗೆ ಬಂದೆ. ರೈಲು ಹತ್ತಿದೆ. ಕಿಟಕಿಯಲ್ಲಿ ಹೊಲಗಳು ಹಿಂದಕ್ಕೆ ಹೋಗುತ್ತಿದ್ದಾಗ ಇನ್ನೊಂದು ವಿಚಾರ ಬಂತು. ಅವಳು ಈ ಮಾತನ್ನು ಹೇಳಲು ಎಷ್ಟು ಭಾನುವಾರ ನನ್ನನ್ನು ಕೂರಲು ಹೇಳಿದ್ದಳೋ. ನನ್ನ ಜೊತೆಗೆ ಅವಳೂ ಅಷ್ಟೇ ವರ್ಷ ಒಂದು ಸಂಕಟವನ್ನು ಹೊತ್ತುಕೊಂಡಿದ್ದಳು. ನಾನು ಬೇಗ ಬೇಗ ಎದ್ದು ಹೋಗಿ ಅದನ್ನು ಇಳಿಸಲು ಬಿಟ್ಟಿರಲಿಲ್ಲ. ಬೀರೂರಿನಲ್ಲಿ ರೈಲು ನಿಂತಾಗ ಅವಳಿಗೆ ಫೋನು ಮಾಡಿದೆ. ಮುಂದಿನ ಭಾನುವಾರ ಇಂಗ್ಲಿಷ್ ಪುಸ್ತಕ ತೆಗೆದಿಟ್ಟುಕೊಂಡಿರು ಎಂದಷ್ಟೇ ಹೇಳಿದೆ. ಹಾಗಾದರೆ ಪತ್ರ ಬರೆಯುವುದು ಮೊದಲು ಹೇಳಿಕೊಡು, ಅದಕ್ಕೆ ಐದು ಅಂಕ ಗ್ಯಾರಂಟಿಯಂತೆ ಎಂದಳು.

ಆಮೇಲಿನ ಭಾನುವಾರಗಳಲ್ಲಿ ನಾನು ಹಾಲಿನ ಪಕ್ಕ ಕೂತು ಇಂಗ್ಲಿಷ್ ಹೇಳಿಕೊಟ್ಟೆ. ಮುಂದೆ ಮೂವತ್ತೆಂಟು ಅಂಕ ಬಂದು ಅವಳು ಪಾಸಾದದ್ದೂ, ಭಾವ ಬೀದಿಗೆಲ್ಲ ಕೊಬ್ಬರಿ ಮಿಠಾಯಿ ಹಂಚಿದ್ದೂ ಆಯಿತು. ಆದರೆ ನಾನು ಹೇಳಬೇಕೆಂದಿರುವುದು ಆ ಇಂಗ್ಲಿಷ್ ಪರೀಕ್ಷೆಯ ದಿನದ ಮಾತು.

ಅವತ್ತು ನನಗೆ ರಜೆ ಸಿಗಲಿಲ್ಲ. ಜೊತೆಯ ಹುಡುಗಿ ಊರಿಗೆ ಹೋಗಿದ್ದಳು. ಅಕ್ಕನಿಗೆ ಹತ್ತು ಸಲ ಹೇಳಿದ್ದೆ, ಮೊದಲನೇ ಬಸ್ಸಿಗೇ ಬಾ, ಬಂದವಳು ಲ್ಯಾಬಿಗೆ ಬಂದು ಮುಖ ತೋರಿಸಿ ಹೋಗು ಎಂದು. ಎಂಟಾಯಿತು, ಬರಲಿಲ್ಲ. ಎರಡನೇ ಬಸ್ಸಿಗೆ ಬರುತ್ತಿರಬೇಕು ಎಂದುಕೊಂಡೆ. ಆ ಬಸ್ಸು ಒಂಬತ್ತೂಕಾಲಿಗೆ ಬರಬೇಕು. ಒಂಬತ್ತೂವರೆಯಾಯಿತು. ಫೋನು ಮಾಡಿದರೆ ಮನೆಯಲ್ಲಿ ಭಾವ ಎತ್ತಿದರು. ಪರೀಕ್ಷೆಗೆ ಫೋನು ಒಯ್ಯುವಂತಿಲ್ಲವೆಂದು ಬಿಟ್ಟು ಹೋಗಿದ್ದಾಳೆ, ಎರಡನೇ ಬಸ್ಸು ಹತ್ತಿಸಿ ಆಗಲೇ ಬಂದೆ ಎಂದರು. ಬೆಳಗಿನ ಜಾವ ದೊಡ್ಡ ಗಾಳಿಮಳೆಯಾಗಿತ್ತು. ಮುಂಗಾರು ಇನ್ನೂ ಬಂದಿರಲಿಲ್ಲ, ಬರುವ ಮುಂಚಿನ ಆರ್ಭಟ. ದಾರಿಯಲ್ಲಿ ಎಲ್ಲೋ ಮರ ಬಿದ್ದಿದೆಯಂತೆ ಎಂದು ಲ್ಯಾಬಿಗೆ ಬಂದವರೊಬ್ಬರು ಹೇಳಿದರು. ಯಾವ ದಾರಿಯಲ್ಲಿ ಎಂದರೆ ಅವರಿಗೆ ಗೊತ್ತಿಲ್ಲ.

ಬೆಂಚಿನ ಮೇಲೆ ಎಂ. ಸಿ. ಹಳ್ಳಿ ಕಡೆಯಿಂದ, ಲಿಂಗದಹಳ್ಳಿ ಕಡೆಯಿಂದ ಖಾಲಿ ಹೊಟ್ಟೆಯಲ್ಲಿ ಬಂದ ಏಳೆಂಟು ಜನ. ಅವರನ್ನು ಬಿಟ್ಟು ಹೋಗುವಂತಿಲ್ಲ. ಹತ್ತು ಹೊಡೆದಾಗ ಒಬ್ಬ ಯಜಮಾನರ ರಟ್ಟೆಗೆ ಪಟ್ಟಿ ಬಿಗಿದು ನರ ಹುಡುಕುತ್ತಿದ್ದೆ. ಎರಡು ಬೀದಿಯಾಚೆ ಗಂಟೆ ಬಾರಿಸಿತು. ನಾನು ಸೂಜಿ ಹಿಡಿದುಕೊಂಡೇ ಬಾಗಿಲ ಕಡೆ ನೋಡಿದೆ. ಯಜಮಾನರು ನನ್ನ ಮುಖ ನೋಡಿ, “ನಿಧಾನಕ್ಕೆ ಮಾಡವ್ವ, ನಂಗೇನೂ ಅವಸ್ರ ಇಲ್ಲ” ಎಂದರು. ಅವರ ಹೊಟ್ಟೆ ಹಸಿದು ಗುರ್ ಎನ್ನುತ್ತಿದ್ದದ್ದು ನನಗೆ ಕೇಳಿಸುತ್ತಿತ್ತು. ಪಟ್ಟಿ ಬಿಚ್ಚಿದೆ, ಎರಡು ಸಲ ಉಸಿರೆಳೆದುಕೊಂಡೆ, ಮತ್ತೆ ಕಟ್ಟಿದೆ.

ಆಮೇಲೆ ಮೂರು ಗಂಟೆ ಹೇಗೆ ಕಳೆಯಿತೋ. ಅಕ್ಕ ಒಳಗಿದ್ದಾಳೋ, ಗೇಟಿನ ಹೊರಗೆ ಕೂತಿದ್ದಾಳೋ ತಿಳಿಯದು. ಹೊರಗೆ ಉಳಿದಿದ್ದರೆ ಇಷ್ಟು ಹೊತ್ತಿಗೆ ಇಲ್ಲಿಗೆ ಬರುತ್ತಿದ್ದಳು ಎಂದು ಒಂದು ಸಲ ಸಮಾಧಾನ. ಬರುವುದಿಲ್ಲ, ನನಗೆ ಮುಖ ತೋರಿಸಲಾರದೆ ವಾಪಸು ಬಸ್ಸು ಹತ್ತಿರುತ್ತಾಳೆ ಎಂದು ಇನ್ನೊಂದು ಸಲ ದಿಗಿಲು. ವರದಿಗಳಲ್ಲಿ ಬರೆದ ಪ್ರತಿ ಸಂಖ್ಯೆಯನ್ನೂ ಎರಡೆರಡು ಸಲ ನೋಡಿದೆ.

ಒಂದೂಮುಕ್ಕಾಲಿಗೆ ಅಕ್ಕ ಮೆಟ್ಟಿಲು ಹತ್ತಿ ಬಂದಳು. ಸೀರೆಯ ಅಂಚಿಗೆಲ್ಲ ಕೆಸರು. ಕುರ್ಚಿ ಎಳೆದುಕೊಂಡು ಕೂತು, ನನ್ನ ನೀರಿನ ಬಾಟಲಿ ತೆಗೆದು ಗಟಗಟ ಕುಡಿದಳು.

“ದಾರೀಲಿ ಮರ ಬಿದ್ದಿತ್ತು ಕಣೇ. ಎಲ್ರೂ ಇಳಿದು ಕೊಂಬೆ ಎಳುದ್ವಿ. ಪರೀಕ್ಷೆಗೆ ಹತ್ತು ನಿಮ್ಷ ತಡ ಆಯ್ತು ನಂಗೆ.”

“ಆಮೇಲೆ?”

“ಆಮೇಲೇನು. ಗೇಟು ಅರ್ಧ ತೆಗೆದೇ ಇತ್ತು. ಬನ್ನಿ ಬನ್ನಿ ಅಂದ್ರು. ಹೋದೆ.”

ರೋಗಿಗಳು ಕೂರುವ ಬೆಂಚಿನ ಮೇಲೆ ಕೂತುಬಿಟ್ಟೆ. ಅಕ್ಕ ಬಾಟಲಿಯ ಮುಚ್ಚಳ ತಿರುಗಿಸುತ್ತಾ ನನ್ನನ್ನೇ ನೋಡಿದಳು.

“ಪೇಪರ್ ಹೆಂಗಿತ್ತು ಅಂತ ಕೇಳಲ್ವೇನೇ?” ಎಂದಳು.

ಕೇಳಿದೆ. ಅವಳು ಮೊದಲನೇ ಪ್ರಶ್ನೆಯಿಂದ ಹೇಳಲು ಶುರುಮಾಡಿದಳು.